ಮಾರ್ಕೆಟಿಂಗ್ ಕ್ಲಾಸಿನ ಮೂರನೇ ಕಾಲಂ: ಕೋಲಾರ ಕಡೆಯ ಮೇಷ್ಟ್ರುಗಳಿಗೆ ಒಂದಿಷ್ಟು ಐಡಿಯಾ

ಬಿಕಾಂ, ಬಿಬಿಎ ಹುಡುಗರಿಗೆ ಮಾರ್ಕೆಟಿಂಗ್ ಪಾಠ ಮಾಡುವವರಿಗೆ ಇದು ಗೊತ್ತಿರುವ ಕಥೆಯೇ. ಪರಿಸರ, ಸಮಾಜ, ಹೊಣೆಗಾರಿಕೆ ಇವೆಲ್ಲ ಕೊನೆಯ ಯೂನಿಟ್‌ನಲ್ಲಿ, 'ಇತ್ತೀಚಿನ ಬೆಳವಣಿಗೆಗಳು' ಅನ್ನುವ ತಲೆಬರಹದ ಕೆಳಗೆ, ಗ್ರೀನ್ ಮಾರ್ಕೆಟಿಂಗ್ ಅಂತ ಒಂದು ಪ್ಯಾರಾ ಆಗಿ ಕೂತಿರುತ್ತವೆ. ಅಲ್ಲಿಗೆ ಬರುವ ಹೊತ್ತಿಗೆ ಇಂಟರ್ನಲ್ಸ್ ಮುಗಿದಿರುತ್ತದೆ. ಅರ್ಧ ಕ್ಲಾಸ್ ಖಾಲಿ. ಉಳಿದವರು ಅರ್ಥ, ಲಕ್ಷಣ, ಮಹತ್ವ ಅಂತ ಐದು ಮಾರ್ಕಿಗೆ ಆಗುವಷ್ಟು ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಗೇಟ್ ದಾಟುವಷ್ಟರಲ್ಲಿ ಮರೆತುಬಿಡುತ್ತಾರೆ.

ಆ ಯೂನಿಟ್‌ಗೆ ಕಾಯಬೇಡಿ. ಅದನ್ನು ಒಡೆದು ಮೊದಲ ವಾರದಿಂದಲೇ ಎಲ್ಲ ಪಾಠದೊಳಗೂ ಸೇರಿಸಿ. ಇದಕ್ಕೆ ಹೊಸ ಪುಸ್ತಕ, ಪ್ರೊಜೆಕ್ಟರ್ ಏನೂ ಬೇಕಿಲ್ಲ. ಬೋರ್ಡ್ ಮೇಲೆ ಮೂರು ಕಾಲಂ ಎಳೆಯಿರಿ, ಸಾಕು. ಮಾರಿದವರು, ಕೊಂಡವರು, ಮೂರನೆಯವರು. ಪ್ರಾಡಕ್ಟ್ ಪಾಠ ಇರಲಿ, ಬೆಲೆಯ ಪಾಠ ಇರಲಿ, ಯಾವ ಉದಾಹರಣೆ ತೆಗೆದುಕೊಂಡರೂ ಮೂರೂ ಕಾಲಂ ತುಂಬಬೇಕು. ಮೂರನೆಯವರು ಅಂದರೆ ಮಾರಲೂ ಇಲ್ಲ, ಕೊಳ್ಳಲೂ ಇಲ್ಲ, ಆದರೆ ಆ ವ್ಯಾಪಾರದ ಬಿಸಿ ತಟ್ಟಿದವರು.

ಒಂದು ಕಟ್ಟುನಿಟ್ಟಿನ ನಿಯಮ ಇಡಿ. ಮೂರನೇ ಕಾಲಂನಲ್ಲಿ 'ಸಮಾಜ', 'ಪರಿಸರ' ಅಂತ ಬರೆಯುವಂತಿಲ್ಲ. ಹಾಗೆ ಬರೆದರೆ ಯಾರ ಬಗ್ಗೆಯೂ ಬರೆದ ಹಾಗಲ್ಲ. ಮುಖ ಇರುವ ಮನುಷ್ಯ ಬೇಕು, ಇಲ್ಲಾ ವಿಳಾಸ ಇರುವ ಜಾಗ ಬೇಕು. ನಮ್ಮೂರ ಕೆರೆ, ಬಸ್‌ಸ್ಟ್ಯಾಂಡ್ ಗುಡಿಸುವ ಹೆಂಗಸು, ಪಕ್ಕದ ಹೊಲದವನ ಬೋರ್‌ವೆಲ್ ಹೀಗೆ. ಮೊದಲ ಎರಡು ವಾರ ಹುಡುಗರು ಒದ್ದಾಡುತ್ತಾರೆ, ಆಮೇಲೆ ನೀವು ಕೇಳದೇ ಹೇಳೋಕೆ ಶುರು ಮಾಡುತ್ತಾರೆ.

'ಸಿಲಬಸ್ ಬಿಟ್ಟು ಏನ್ರೀ ಇದು' ಅಂತ ವಿಭಾಗದ ಮುಖ್ಯಸ್ಥರು ಕೇಳಿದರೆ ಉತ್ತರ ರೆಡಿ ಇಟ್ಟುಕೊಳ್ಳಿ. ಗ್ರಾಹಕನಿಗೆ ಈಗ ಬೇಕಾದ್ದರ ಜೊತೆಗೆ ಅವನ ಮತ್ತು ಸಮಾಜದ ದೂರದ ಹಿತವನ್ನೂ ನೋಡಬೇಕು ಅನ್ನುವ ಮಾತನ್ನು ಮಾರ್ಕೆಟಿಂಗ್ ಪಠ್ಯಪುಸ್ತಕಗಳ ಹೆಸರಾಂತ ಲೇಖಕ ಫಿಲಿಪ್ ಕೋಟ್ಲರ್ 1972ರಲ್ಲೇ ಹೇಳಿದ್ದಾರೆ. ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ 2007ರಲ್ಲಿ ಮಾರ್ಕೆಟಿಂಗ್‌ನ ವ್ಯಾಖ್ಯೆಯನ್ನು ಬದಲಿಸಿದಾಗ ಗ್ರಾಹಕರು, ಪಾಲುದಾರರ ಜೊತೆ ಇಡೀ ಸಮಾಜವನ್ನೂ ಸೇರಿಸಿತು. ಎರಡೂ ನಾವು ಪಾಠ ಮಾಡುವ ಸಿಲಬಸ್ ಒಳಗೇ ಬರುವ ವಿಷಯಗಳು.

ಮೊದಲು ಒಂದು ರೂಪಾಯಿ ಸ್ಯಾಷೆ

ಪ್ರಾಡಕ್ಟ್, ಪ್ಯಾಕೇಜಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲ. ಹಾಸ್ಟೆಲ್ ಹುಡುಗರಿಗೆ ಬಳಸಿದ ಶಾಂಪೂ ಸ್ಯಾಷೆ ತೊಳೆದು ತರೋಕೆ ಹೇಳಿ. 1980ರ ದಶಕದಲ್ಲಿ ಕಡಲೂರು ಕಡೆಯಿಂದ ಬಂದ ಚಿಕ್ ಶಾಂಪೂ ಸ್ಯಾಷೆ ದಕ್ಷಿಣದ ಹಳ್ಳಿಗಳಿಗೆಲ್ಲ ಹೇಗೆ ನುಗ್ಗಿತು ಅನ್ನುವುದನ್ನು ಯಶಸ್ಸಿನ ಕಥೆಯಾಗಿ ಎಲ್ಲರೂ ಹೇಳುತ್ತೇವೆ. ಹೇಳಿ, ತಪ್ಪಿಲ್ಲ. ಬಾಟಲಿಗೆ ಒಟ್ಟಿಗೆ ದುಡ್ಡು ಹಾಕಲಾಗದ ಕೂಲಿ ಹೆಂಗಸಿಗೂ ಅದು ಶಾಂಪೂ ಮುಟ್ಟಿಸಿತು ಅನ್ನುವುದು ನಿಜ. ಎಂಎಲ್ ಲೆಕ್ಕದಲ್ಲಿ ಬೆಲೆ ಹಾಕಿಸಿ ನೋಡಿ, ಎಷ್ಟೋ ಶಾಂಪೂಗಳಲ್ಲಿ ಬಾಟಲಿಗಿಂತ ಸ್ಯಾಷೆಯೇ ಅಗ್ಗ ಬೀಳುತ್ತದೆ. ಹುಡುಗರು ಬೆಚ್ಚಿ ಬೀಳುತ್ತಾರೆ.

ಈಗ ಮೂರನೇ ಕಾಲಂ. ಇದಕ್ಕೆ ಕ್ಲಾಸ್‌ರೂಮ್ ಸಾಲದು, ಗುಜರಿ ಅಂಗಡಿಗೆ ಕಳಿಸಿ. ಪ್ರಶ್ನೆ ಒಂದೇ: ಏನೇನು ತಗೋತೀರಾ, ಕೆ.ಜಿ.ಗೆ ಎಷ್ಟು? ರಟ್ಟು, ಪೇಪರ್, ನೀರಿನ ಬಾಟಲಿ, ಕಬ್ಬಿಣ, ಹಾಲಿನ ಕವರ್, ಸ್ಯಾಷೆ ಅಂತ ಪಟ್ಟಿ ಮಾಡಿಕೊಂಡು ಹೋಗಲಿ. ತೊಳೆದು ಒಣಗಿಸಿದ ಹಾಲಿನ ಕವರ್‌ಗೆ ರೇಟು ಸಿಗುತ್ತದೆ. ಸ್ಯಾಷೆ ತೋರಿಸಿದರೆ 'ಅದನ್ನ ಯಾರ್ ತಗೋತಾರಪ್ಪ' ಅನ್ನುವ ಉತ್ತರ ಬರುತ್ತದೆ. ಎರಡೂ ಪ್ಲಾಸ್ಟಿಕ್ ತಾನೇ, ಒಂದಕ್ಕೆ ಬೆಲೆ ಇದೆ, ಇನ್ನೊಂದಕ್ಕೆ ಯಾಕಿಲ್ಲ? ಇಲ್ಲಿಂದ ಪಾಠ ತಾನಾಗಿ ಓಡುತ್ತದೆ. ಹಾಲಿನ ಕವರ್ ಒಂದೇ ಜಾತಿಯ ಪ್ಲಾಸ್ಟಿಕ್, ಕರಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಸ್ಯಾಷೆಯಲ್ಲಿ ಬೇರೆ ಬೇರೆ ಪದರಗಳನ್ನು ಅಂಟಿಸಿರುತ್ತಾರೆ, ಬಿಡಿಸೋಕೆ ಖರ್ಚು ಜಾಸ್ತಿ. ಬೆಲೆ ಇಲ್ಲದ್ದನ್ನು ಚಿಂದಿ ಆಯುವವರು ಮುಟ್ಟುವುದಿಲ್ಲ. ಹಾಗಾಗಿ ಅದು ಚರಂಡಿಯಲ್ಲೇ ಉಳಿಯುತ್ತದೆ, ಮಳೆ ಬಂದಾಗ ಕೆರೆಗೆ ಹೋಗುತ್ತದೆ.

ಆಮೇಲೆ ಕಾನೂನಿಗೆ ಬನ್ನಿ, ಮೊದಲೇ ಬೇಡ. ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲಿ ಬಂದವು. ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನು ವಾಪಸ್ ಸಂಗ್ರಹಿಸುವ ಹೊಣೆ ತಯಾರಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರ ಮೇಲಿದೆ. ಇದನ್ನೇ ಇಪಿಆರ್ (ಎಕ್ಸ್‌ಟೆಂಡೆಡ್ ಪ್ರೊಡ್ಯೂಸರ್ ರೆಸ್ಪಾನ್ಸಿಬಿಲಿಟಿ) ಅನ್ನುತ್ತಾರೆ. ಇದಕ್ಕೆ 2022ರಲ್ಲಿ ಗುರಿಗಳನ್ನು ನಿಗದಿ ಮಾಡಿದರು, ಪದರ ಪದರದ ಪ್ಲಾಸ್ಟಿಕ್ಕನ್ನು ಬೇರೆಯದೇ ವರ್ಗ ಮಾಡಿದರು. ಗುಜರಿ ಅಂಗಡಿ ನೋಡಿ ಬಂದವನಿಗೆ ಈ ವರ್ಗೀಕರಣ ಯಾಕೆ ಅಂತ ಬಿಡಿಸಿ ಹೇಳಬೇಕಾಗುವುದಿಲ್ಲ.

ಒಂದು ಎಚ್ಚರಿಕೆ. ಕ್ಲಾಸ್ ಕೊನೆಗೆ 'ಸ್ಯಾಷೆ ಕೆಟ್ಟದ್ದು, ಬ್ಯಾನ್ ಮಾಡಬೇಕು' ಅಂತ ತೀರ್ಪು ಕೊಡಲು ಬಿಡಬೇಡಿ. ಅದು ಸುಲಭದ ಉತ್ತರ. ಆ ಕೂಲಿ ಹೆಂಗಸಿನ ಕೈಗೆ ಅದೇ ಬೆಲೆಗೆ ಇನ್ನೇನು ಕೊಡುತ್ತೀರಿ, ಕಿರಾಣಿ ಅಂಗಡಿಯವನು ಅದನ್ನು ಯಾಕೆ ಇಟ್ಟುಕೊಳ್ಳಬೇಕು, ಅವನಿಗೆ ಮಾರ್ಜಿನ್ ಎಷ್ಟು ಅಂತ ಕೇಳಿ. ಇಷ್ಟಕ್ಕೆ ಉತ್ತರ ಹುಡುಕಿದರೆ ಮಾತ್ರ ಅದು ಮಾರ್ಕೆಟಿಂಗ್ ಅಸೈನ್‌ಮೆಂಟ್, ಇಲ್ಲದಿದ್ದರೆ ಸುಮ್ನೆ ಭಾಷಣ.

ಟೊಮೆಟೊ ಬಾಕ್ಸ್ ಹಿಂದೆ ಹೋಗಿ

ಕೋಲಾರದಲ್ಲಿ ಪಾಠ ಮಾಡುತ್ತಾ ಎಪಿಎಂಸಿ ಟೊಮೆಟೊ ಮಾರ್ಕೆಟ್‌ಗೆ ಕ್ಲಾಸ್ ಕರೆದುಕೊಂಡು ಹೋಗದೇ ಇರುವುದು ನನ್ನ ಪ್ರಕಾರ ಅನ್ಯಾಯ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ, ನಾವು ಮಾತ್ರ ಡಿಸ್ಟ್ರಿಬ್ಯೂಷನ್ ಚಾನೆಲ್ ಪಾಠಕ್ಕೆ ಯಾವುದೋ ದೇಶದ ಸೂಪರ್ ಮಾರ್ಕೆಟ್ ಚಿತ್ರ ಬರೆಯುತ್ತೇವೆ.

ಮಾಡಬೇಕಾದ್ದು ಇಷ್ಟು. ಒಂದೊಂದು ಗುಂಪೂ 15 ಕೆ.ಜಿ.ಯ ಒಂದು ಬಾಕ್ಸನ್ನು ಹಿಂಬಾಲಿಸಲಿ. ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಹಮಾಲಿ ಎಷ್ಟು, ಕಮಿಷನ್ ಎಷ್ಟು, ತೋಟದಿಂದ ತಂದ ಬಾಡಿಗೆ ಎಷ್ಟು, ರೈತನ ಕೈಗೆ ಏನು ಉಳಿಯಿತು. ಅದೇ ದಿನ ಬೆಂಗಳೂರಿನಲ್ಲಿರುವ ಅಕ್ಕನಿಗೋ ಮಾವನಿಗೋ ಫೋನ್ ಮಾಡಿ ಅವರ ಬೀದಿಯಲ್ಲಿ ಕೆ.ಜಿ. ಎಷ್ಟು ಅಂತ ಕೇಳಲಿ. ಇಲ್ಲಿಗೆ ಮೊದಲ ಎರಡು ಕಾಲಂ ಮುಗಿಯಿತು.

ಮೂರನೆಯದಕ್ಕೆ ಹಿಂದಕ್ಕೆ, ತೋಟಕ್ಕೆ ಹೋಗಬೇಕು. ನಿಮ್ಮ ಕ್ಲಾಸಿನಲ್ಲಿ ಟೊಮೆಟೊ ಬೆಳೆಯುವ ಮನೆಯ ಮಕ್ಕಳು ಇದ್ದೇ ಇರುತ್ತಾರೆ, ಅವರೇ ಅಂದಿನ ಮೇಷ್ಟ್ರು. ಬೋರ್ ಎಷ್ಟು ಅಡಿ, ಎಷ್ಟು ಇಂಚು ನೀರು, ದಿನಕ್ಕೆ ಎಷ್ಟು ಗಂಟೆ ಮೋಟಾರ್ ಓಡುತ್ತದೆ, ಪಕ್ಕದವರ ಬೋರ್ ಯಾವಾಗ ಬತ್ತಿತು. ಸಾಲಿನ ಮೇಲೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಬೆಳೆ ಮುಗಿದ ಮೇಲೆ ಎಲ್ಲಿ ಹೋಗುತ್ತದೆ, ಸುಡುತ್ತಾರಾ, ಬದುವಿನ ಮೇಲೆ ಬಿಸಾಕುತ್ತಾರಾ? ಔಷಧಿ ಹೊಡೆಯುವವರು ಮುಖಕ್ಕೆ ಏನು ಕಟ್ಟಿಕೊಳ್ಳುತ್ತಾರೆ? ಕಾಯಿ ಬಿಡಿಸುವ ಹೆಂಗಸರ ಕೂಲಿ ಎಷ್ಟು?

ನೀರಿನ ಲೆಕ್ಕ ಬೋರ್ಡ್ ಮೇಲೆ ಮಾಡಿಸಿ. ಒಂದು ಕೆ.ಜಿ. ಟೊಮೆಟೊಗೆ ಜಗತ್ತಿನ ಸರಾಸರಿ ಸುಮಾರು 214 ಲೀಟರ್ ನೀರು ಅಂತ ಲೆಕ್ಕ ಹಾಕಿದ್ದಾರೆ. ಮಳೆ ನೀರು, ಹಾಯಿಸಿದ ನೀರು, ಕೊಳೆ ತಿಳಿಯಾಗಲು ಬೇಕಾದ ನೀರು ಮೂರೂ ಅದರಲ್ಲಿ ಸೇರಿದೆ. ಅಂದರೆ 15 ಕೆ.ಜಿ. ಬಾಕ್ಸಿಗೆ 3,210 ಲೀಟರ್. ಇದು ನಮ್ಮ ತೋಟದ ಲೆಕ್ಕ ಅಲ್ಲ ಅನ್ನುವುದನ್ನೂ ಹೇಳಿ. ಡ್ರಿಪ್ ಹಾಕಿದ ತೋಟದಲ್ಲಿ ಹಾಯಿಸುವ ನೀರು ಎಷ್ಟಾಗುತ್ತದೆ ಅಂತ ಮೋಟಾರ್ ಗಂಟೆ ಹಿಡಿದು ಅವರೇ ಹಾಕಿ ನೋಡಲಿ. ಆ ನೀರಿನ ಬೆಲೆ ಹರಾಜಿನ ರೇಟಿನಲ್ಲಿ ಎಲ್ಲಿ ಕಾಣುತ್ತದೆ? ಎಲ್ಲೂ ಕಾಣುವುದಿಲ್ಲ. ಬೆಲೆ ನಿರ್ಧಾರದ ಪಾಠಕ್ಕೆ ಇದಕ್ಕಿಂತ ಗಟ್ಟಿ ಪ್ರಶ್ನೆ ಬೇಕಾ?

ಇನ್ನೂ ಒಂದು ಸುತ್ತು ಇದೆ, ಇದು ನಮ್ಮ ಜಿಲ್ಲೆಗೇ ವಿಶೇಷ. ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬುತ್ತಿದ್ದಾರೆ. ಕೆರೆ ತುಂಬಿ ಅಂತರ್ಜಲ ಮೇಲೆ ಬಂತು ಅನ್ನುವವರಿದ್ದಾರೆ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತದ ಸಂಸ್ಕರಣೆಯೂ ಆಗಲೇಬೇಕು ಅಂತ ಹೋರಾಡುವವರೂ ಇದ್ದಾರೆ. ಆ ನೀರು ಇಂಗಿದ ನೆಲದ ಟೊಮೆಟೊ ಮತ್ತೆ ಬೆಂಗಳೂರಿನ ಅಡುಗೆಮನೆಗೇ ಹೋಗುತ್ತದೆ. ಇಲ್ಲಿ ಮೂರನೆಯವರು ಯಾರು? ಈ ಪ್ರಶ್ನೆಗೆ ಒಂದು ಗಂಟೆ ಪೂರ್ತಿ ಕೊಡಿ. ಕೊಳ್ಳುವವನೇ ಮೂರನೆಯವನೂ ಆಗಬಹುದು ಅನ್ನುವಲ್ಲಿಗೆ ಕ್ಲಾಸ್ ತಾನಾಗಿ ಬರುತ್ತದೆ.

ರೈತರನ್ನು ಕಟಕಟೆಗೆ ನಿಲ್ಲಿಸಬೇಡಿ. ಇದು ಬಹಳ ಮುಖ್ಯ, ಯಾಕೆಂದರೆ ಮುಂದಿನ ಬೆಂಚಿನಲ್ಲಿ ಕೂತವಳ ಅಪ್ಪನೇ ಆ ರೈತ. 2023ರ ಜುಲೈನಲ್ಲಿ ಇದೇ ಮಾರ್ಕೆಟ್‌ನಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಬೇರೆ ವರ್ಷ ಬಾಡಿಗೆಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗಿದ್ದಾರೆ. ಹೀಗೆ ಏರಿಳಿಯುವ ಬೆಲೆಯಲ್ಲಿ ಬದುಕುವವನಿಗೆ 'ನೀರು ಉಳಿಸಿ' ಅಂತ ಬುದ್ಧಿ ಹೇಳುವುದು ಸುಲಭ. ರಿಸ್ಕ್ ಹಂಚಿಕೊಳ್ಳುವ ವ್ಯವಸ್ಥೆ ಏನು, ಕೊಳ್ಳುವ ಕಂಪನಿ ಮೊದಲೇ ಬೆಲೆ ಒಪ್ಪಿಕೊಂಡರೆ ಯಾರಿಗೆ ಲಾಭ, ರೇಟು ಏರಿದಾಗ ರೈತ ಆ ಮಾತಿಗೆ ನಿಲ್ಲುತ್ತಾನಾ? ಜಗಳ ಆಗಲಿ, ಬಿಡಿ.

ತುಮಕೂರು, ಚಿಕ್ಕಬಳ್ಳಾಪುರದವರು ತಮ್ಮದೇ ವಸ್ತು ಹಿಡಿಯಬಹುದು. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆ ಇದೆ, ರೀಲಿಂಗ್ ಘಟಕದಲ್ಲಿ ಬಿಸಿ ನೀರಿಗೆ ಕೈ ಅದ್ದಿ ನೂಲು ತೆಗೆಯುವವರಿದ್ದಾರೆ. ಪಾವಗಡದ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇನ್ನೂ ಒಳ್ಳೆಯ ಉದಾಹರಣೆ. ವಿದ್ಯುತ್ ಹಸಿರು, ಜಮೀನು ಲೀಸಿಗೆ ಕೊಟ್ಟ ರೈತನಿಗೆ ವರ್ಷಾವರ್ಷ ಬಾಡಿಗೆ. ಆದರೆ ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಜಮೀನಿಲ್ಲದವರ ಹೆಸರು ಆ ಲೀಸ್ ಪತ್ರದಲ್ಲಿ ಇಲ್ಲ. ಹಸಿರು ಅಂದ ತಕ್ಷಣ ಮೂರನೇ ಕಾಲಂ ಖಾಲಿ ಅಂದುಕೊಳ್ಳುವ ಹುಡುಗರಿಗೆ ಇದನ್ನು ಕೊಡಿ.

ಜಾಹೀರಾತು ಪಾಠದಲ್ಲಿ

ಇಲ್ಲಿ ಕೆಲಸ ಸುಲಭ, ಹುಡುಗರಿಗೆ ಮಜವೂ ಇರುತ್ತದೆ. 'ಪರಿಸರ ಸ್ನೇಹಿ', 'ನೈಸರ್ಗಿಕ', 'ಶುದ್ಧ' ಅಂತ ಬರೆದ ಪ್ಯಾಕೆಟ್‌ಗಳನ್ನು ಮನೆಯಿಂದ ತರಲಿ. ಒಂದೊಂದಕ್ಕೂ ಕೇಳಿ: ಇದು ಇಡೀ ಪ್ರಾಡಕ್ಟ್ ಬಗ್ಗೆ ಹೇಳಿದ್ದಾ, ಬರೀ ಡಬ್ಬದ ಬಗ್ಗೆಯಾ? ಯಾವುದಕ್ಕೆ ಹೋಲಿಸಿದರೆ? ಸಾಕ್ಷಿ ಎಲ್ಲಿ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹಸಿರು ಸುಳ್ಳುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ಇಂಥ ಸಾಮಾನ್ಯ ಪದಗಳನ್ನು ವಿವರಣೆ, ಪುರಾವೆ ಇಲ್ಲದೆ ಬಳಸುವಂತಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ಪ್ಯಾಕೆಟ್ ಮೇಲಿನ ಕಸ್ಟಮರ್ ಕೇರ್ ನಂಬರಿಗೆ ಫೋನ್ ಮಾಡಿಸಿ, ಕನ್ನಡದಲ್ಲೇ ಕೇಳಲಿ. ಬಂದ ಉತ್ತರ, ಬಾರದ ಉತ್ತರ ಎರಡನ್ನೂ ಬರೆದುಕೊಳ್ಳಲಿ.

ಆಮೇಲೆ ಅವರೇ ಬರೆಯಲಿ. ಅಡಿಕೆ ಹಾಳೆ ತಟ್ಟೆ ಕೊಟ್ಟು ಲೇಬಲ್ ಬರೆಸಿ. ಮೊದಲ ಸಲ ಗ್ಯಾರಂಟಿ 'ಭೂಮಿತಾಯಿಯ ಮಡಿಲಿಂದ ನಿಮ್ಮ ಊಟದ ಮನೆಗೆ' ಅಂತ ಬರುತ್ತದೆ. ಹೊಡೆದು ಹಾಕಿ. ಗೊತ್ತಿರುವುದನ್ನು ಮಾತ್ರ ಬರೆಯಬೇಕು ಅಂದಾಗ 'ಬಿದ್ದ ಅಡಿಕೆ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದ್ದು. ಪ್ಲಾಸ್ಟಿಕ್ ಲೇಪ ಇಲ್ಲ. ಬಳಸಿದ ಮೇಲೆ ತಿಪ್ಪೆಗೆ ಹಾಕಬಹುದು' ಅನ್ನುವ ಸಾಲು ಬರುತ್ತದೆ. ಇದು ಮೊದಲನೆಯದಕ್ಕಿಂತ ಚೆನ್ನಾಗಿ ಮಾರುತ್ತದೆ ಅಂತ ನನಗನ್ನಿಸುತ್ತದೆ, ನೀವು ಕ್ಲಾಸಿನಲ್ಲಿ ಓಟಿಗೆ ಹಾಕಿ ನೋಡಿ. ಇಷ್ಟಕ್ಕೇ ಬಿಡಬೇಡಿ. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು ಈ ತಟ್ಟೆಯಿಂದ ಊಟಕ್ಕೆ ಸೇರಬಹುದು ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರಲ್ಲಿ ಆಕ್ಷೇಪ ಎತ್ತಿದೆ. ಮಣ್ಣಿಗೆ ಒಳ್ಳೆಯದು ಅನ್ನುವುದು ಒಂದು ಹೇಳಿಕೆ, ಮೈಗೆ ಒಳ್ಳೆಯದು ಅನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಾಕ್ಷಿ ಬೇಕು.

ಸೇಲ್ಸ್ ಪಾಠದಲ್ಲಿ ಸಂಘದ ಸಾಲ

ಶಾಂಪೂ, ತಟ್ಟೆಗಿಂತ ಇದು ಹತ್ತಿರದ ವಿಷಯ. ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಡಿಗ್ರಿ ಮುಗಿದ ಮೇಲೆ ಸಿಗುವ ಮೊದಲ ಕೆಲಸ ಮೈಕ್ರೋ ಫೈನಾನ್ಸ್ ಫೀಲ್ಡ್ ಆಫೀಸರ್ ಕೆಲಸ. ಬೈಕ್, ಟ್ಯಾಬ್, ತಿಂಗಳ ಟಾರ್ಗೆಟ್. ಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು ಅನ್ನುವುದನ್ನು ಇವರು ಪೇಪರಿನಲ್ಲಿ ಓದಿ ತಿಳಿಯಬೇಕಾಗಿಲ್ಲ, ಕೆಲವರು ಮನೆಯಲ್ಲೇ ನೋಡಿರುತ್ತಾರೆ.

ಒಂದು ರೋಲ್‌ಪ್ಲೇ ಮಾಡಿಸಿ. ಒಬ್ಬ ಫೀಲ್ಡ್ ಆಫೀಸರ್, ಒಬ್ಬಳು ಸಂಘದ ಸದಸ್ಯೆ. ಅವಳ ಮನೆಯ ಆದಾಯ ತಿಂಗಳಿಗೆ 16,000 ಅಂತ ಇಟ್ಟುಕೊಳ್ಳಿ, ಈಗಾಗಲೇ ಕಟ್ಟುತ್ತಿರುವ ಕಂತುಗಳೆಲ್ಲ ಸೇರಿ 6,900. ಆಫೀಸರ್‌ಗೆ ಟಾರ್ಗೆಟ್‌ಗೆ ಒಂದೇ ಸಾಲ ಬಾಕಿ, ಅದರ ಕಂತು 2,300. ಮಾತು ಹೀಗೆ ಶುರುವಾಗುತ್ತದೆ:

'ಅಕ್ಕಾ, ನಿಮ್ ಹೆಸರು ಓಕೆ ಆಗಿದೆ, ಸೈನ್ ಒಂದು ಹಾಕಿ, ನಾಳೆನೇ ಅಕೌಂಟಿಗೆ ಬೀಳುತ್ತೆ.'

'ಬೇಡ ಕಣಪ್ಪ, ಇರೋದೇ ಕಟ್ಟಕ್ಕಾಗ್ತಿಲ್ಲ.'

'ಅದನ್ನ ಇದರಲ್ಲಿ ತೀರಿಸ್ಕೊಳ್ಳಿ ಅಕ್ಕಾ.'

ಇಲ್ಲಿ ನಿಲ್ಲಿಸಿ. ಲೆಕ್ಕ ಹಾಕಿಸಿ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಕುಟುಂಬದ ಸಾಲದ ಕಂತುಗಳೆಲ್ಲ ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಇಲ್ಲಿ ಅರ್ಧ ಅಂದರೆ 8,000. ಹೊಸ ಸಾಲ ಸೇರಿದರೆ 9,200. ಅಲ್ಲಿಗೆ ನಿಯಮ ಸತ್ತಿತು. ಮೂರನೇ ಕಾಲಂಗೆ ಯಾರು ಬರುತ್ತಾರೆ ಅಂತ ಕೇಳಿ. ಅವಳ ಜೊತೆಗೆ ಗುಂಪಿನಲ್ಲಿ ಜಾಮೀನು ನಿಂತ ಅಕ್ಕಪಕ್ಕದ ಮನೆ ಹೆಂಗಸರು, ಸ್ಕೂಲ್ ಬಿಡುವ ಮಗ. ಪಾತ್ರ ಅದಲು ಬದಲು ಮಾಡಿ ಇನ್ನೊಮ್ಮೆ ಆಡಿಸಿ. ಈ ಸಲ ಆಫೀಸರ್ 'ಬೇಡ' ಅನ್ನುವುದನ್ನು ಮ್ಯಾನೇಜರ್‌ಗೆ ಹೇಗೆ ಹೇಳುತ್ತಾನೆ ಅನ್ನುವುದೂ ಸೇರಲಿ, ಅಸಲು ಕಷ್ಟ ಇರುವುದು ಅಲ್ಲೇ. ಯಾರ ಮನೆಯ ಸಾಲದ ಕಥೆಯನ್ನೂ ಹೆಸರು ಹಿಡಿದು ಕ್ಲಾಸಿನಲ್ಲಿ ಎಳೆಯಬೇಡಿ.

'ಸಾರ್, ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಕೇಳ್ತಾರಾ?'

ಈ ಪ್ರಶ್ನೆ ಬಂದೇ ಬರುತ್ತದೆ, ಸುಳ್ಳು ಹೇಳಬೇಡಿ. ಸಣ್ಣ ಶೋರೂಮ್ ಸೇಲ್ಸ್ ಕೆಲಸಕ್ಕೆ ಕೇಳುವುದಿಲ್ಲ. ಆದರೆ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಲಿಸ್ಟೆಡ್ ಕಂಪನಿಗಳು 2022-23ರಿಂದ ಪರಿಸರ, ಸಮಾಜದ ಬಗ್ಗೆ ಬಿಆರ್‌ಎಸ್‌ಆರ್ (ಬಿಸಿನೆಸ್ ರೆಸ್ಪಾನ್ಸಿಬಿಲಿಟಿ ಅಂಡ್ ಸಸ್ಟೈನಬಿಲಿಟಿ ರಿಪೋರ್ಟ್) ವರದಿ ಕೊಡಲೇಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ ಮಾಡಿದೆ. ಅದರ ಅಂಕಿಅಂಶ ಕಲೆಹಾಕಲು ಜನ ಬೇಕು. ಒಂದು ಬಿಆರ್‌ಎಸ್‌ಆರ್ ಡೌನ್‌ಲೋಡ್ ಮಾಡಿ, ಪ್ಲಾಸ್ಟಿಕ್ ಇಪಿಆರ್ ಬಗ್ಗೆ ಏನು ಬರೆದಿದ್ದಾರೆ ಅಂತ ಹುಡುಕಿಸಿ. ಗುಜರಿ ಅಂಗಡಿ ಸುತ್ತಿದ ಹುಡುಗಿಗೆ ಆ ಪುಟ ಅರ್ಥವಾಗುತ್ತದೆ.

ಮಾರ್ಕ್ಸ್ ಹೇಗೆ ಕೊಡುವುದು

ಮಾರ್ಕ್ಸ್ ಇಲ್ಲದಿದ್ದರೆ ಇದ್ಯಾವುದನ್ನೂ ಯಾರೂ ಮಾಡುವುದಿಲ್ಲ, ನಾವೂ ಹಾಗೇ ಇದ್ದೆವು ಅಲ್ವಾ. ಹಾಗಂತ ಗ್ರೀನ್ ಮಾರ್ಕೆಟಿಂಗ್ ಮೇಲೆ ಬೇರೆ ಅಸೈನ್‌ಮೆಂಟ್ ಕೊಡಬೇಡಿ, ಕೊಟ್ಟರೆ ಇಂಟರ್ನೆಟ್‌ನಿಂದ ಎಂಟು ಪುಟ ಇಳಿಯುತ್ತದೆ. ಮಾಮೂಲಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲೇ ಮೂರನೇ ಕಾಲಂಗೆ ಒಂದು ಪುಟ ಕಡ್ಡಾಯ ಮಾಡಿ. ಅದರಲ್ಲಿ ನೋಡಬೇಕಾದ್ದು: ಮೂರನೆಯವರು ಯಾರು ಅಂತ ಗುರುತಿಸಿದ್ದಾರಾ, ಕಣ್ಣಾರೆ ನೋಡಿ ಅಥವಾ ಕೇಳಿ ಬಂದಿದ್ದಾರಾ, ತಾವು ಸೂಚಿಸುವ ಬದಲಾವಣೆಗೆ ಖರ್ಚು ಎಷ್ಟು, ಅದನ್ನು ಯಾರು ಹೊರುತ್ತಾರೆ ಅಂತ ಬರೆದಿದ್ದಾರಾ. ಕೊನೆಯದಕ್ಕೆ ಜಾಸ್ತಿ ಮಾರ್ಕ್ಸ್ ಇಡಿ. 'ಎಲ್ಲರೂ ಪರಿಸರ ಉಳಿಸಬೇಕು' ಅಂತ ಮುಗಿಸಿದ ಪುಟಕ್ಕೆ ಸೊನ್ನೆ. ವೈವಾ ಕನ್ನಡದಲ್ಲೇ ಇರಲಿ. ಇಂಗ್ಲಿಷ್‌ನಲ್ಲಿ ತಡವರಿಸುವ ಹುಡುಗ ಹಮಾಲಿ, ಕಮಿಷನ್, ಬೋರ್ ಲೆಕ್ಕವನ್ನು ಕನ್ನಡದಲ್ಲಿ ಪಟಪಟ ಹೇಳುತ್ತಾನೆ.

ಮಾರ್ಕೆಟ್‌ಗೆ ಹೋಗುವ ಮೊದಲು ಪ್ರಿನ್ಸಿಪಾಲರ ಪತ್ರ ಹಿಡಿದು ಎಪಿಎಂಸಿ ಆಫೀಸಿಗೆ ತಿಳಿಸಿ. ಐದಾರು ಜನರ ಗುಂಪು ಮಾಡಿ, ಒಂದೊಂದು ಮಂಡಿಗೆ ಒಂದೊಂದು ಗುಂಪು. ಹರಾಜು ನಡೆಯುವಾಗ ಮಧ್ಯೆ ಬಾಯಿ ಹಾಕುವುದು, ಬಾಕ್ಸ್ ಹೊತ್ತು ಬರುವವರ ದಾರಿಗೆ ಅಡ್ಡ ನಿಲ್ಲುವುದು, ಕೇಳದೆ ಫೋಟೋ ತೆಗೆಯುವುದು ಬೇಡ. ದಲ್ಲಾಳಿಗಳು ಬಿಡುವಾದ ಮೇಲೆ ಚೆನ್ನಾಗೇ ಮಾತಾಡುತ್ತಾರೆ, ಕಮಿಷನ್ ವಿಷಯ ಮಾತ್ರ ಕೊನೆಗೆ ಕೇಳಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬರೋಕೆ ಹೇಳಿ, ನೆಲವೆಲ್ಲ ಟೊಮೆಟೊ ರಸ.